ತೊಗರಿ ಹೊಲ, ದನದ ಗೋದಲಿ, ಮೀನಿನ ಹೊಂಡ: ವರ್ಷದ ಲೆಕ್ಕ ಹಿಡಿಯುವುದು ಹೇಗೆ?

ಎಳ್ಳ ಅಮಾವಾಸ್ಯೆಗೆ ಇನ್ನು ಹದಿನೈದು ದಿನವಿತ್ತು. ನಸುಕಿನಲ್ಲಿ ಹೊಲಕ್ಕೆ ಹೋಗಿದ್ದ ನಮ್ಮ ಕಾಕಾ ಹೊಂಡದ ದಂಡೆಯಿಂದಲೇ ಕೂಗಿದರು: “ತಮ್ಮಾ, ಮೀನೆಲ್ಲ ಮ್ಯಾಲ ಬಂದಾವ, ಲಗೂನ ಬಾ!” ಓಡಿ ಹೋಗಿ ನೋಡಿದರೆ, ನಾಲ್ಕು ತಿಂಗಳು ಸಾಕಿದ ಕಾಟ್ಲಾ, ರೋಹು ಹೊಟ್ಟೆ ಮೇಲೆ ಮಾಡಿ ಬೆಳ್ಳಗೆ ತೇಲುತ್ತಿದ್ದವು. ರೋಗ ಬಂದಿರಲಿಲ್ಲ, ನೀರೂ ಕಡಿಮೆಯಾಗಿರಲಿಲ್ಲ. ಹಿಂದಿನ ಸಂಜೆ ತೊಗರಿಗೆ ಎಣ್ಣಿ (ಕೀಟನಾಶಕ) ಹೊಡೆದವರು ಪಂಪಿನ ಟ್ಯಾಂಕನ್ನು ಹೊಂಡದಲ್ಲೇ ಅದ್ದಿ ತೊಳೆದಿದ್ದರು. ತೊಳೆಯಬೇಡಿರಿ ಎಂದು ಹೇಳಬೇಕಾಗಿದ್ದವನು ನಾನು. ಹೇಳಿರಲಿಲ್ಲ.

ಹುಳದ ಕೆಲಸ ಬೇರೆ, ದನದ ಕೆಲಸ ಬೇರೆ, ಮೀನಿನ ಕೆಲಸ ಬೇರೆ ಎಂದು ನೋಡುವುದನ್ನು ಅವತ್ತೇ ಬಿಟ್ಟೆ. ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಎಂದು ಇಲಾಖೆಗಳು ಮೂರಿರಬಹುದು, ಹೊಲ ಮಾತ್ರ ಒಂದೇ. ತೊಗರಿಗೆ ಹೊಡೆದದ್ದು ಹೊಟ್ಟಿನ ಜೊತೆ ಆಡಿನ ಹೊಟ್ಟೆಗೆ ಹೋಗುತ್ತದೆ, ದನದ ಮೈಗೆ ಹಚ್ಚಿದ್ದು ಹೊಂಡಕ್ಕೆ ಇಳಿಯುತ್ತದೆ, ಹೊಂಡದ ಹೂಳು ಮತ್ತೆ ಹೊಲಕ್ಕೆ ಬರುತ್ತದೆ. ಹಾಗಾಗಿ ಮೂರರ ಕೆಲಸವನ್ನೂ ಒಂದೇ ಪಂಚಾಂಗದಲ್ಲಿ ಬರೆದುಕೊಳ್ಳಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆ ಐದಾರು ಎಕರೆ ಮಳೆಯಾಶ್ರಿತ ಎರೆ ಭೂಮಿ, ಒಂದು ಜೋಡಿ ಎತ್ತು, ಒಂದು ಹಸು, ಐದು ಆಡು, ಒಂದು ಕೃಷಿ ಹೊಂಡ ಇರುವ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲ ಕೆಲಸ: ಬಿತ್ತುವ ಮುಂಚೆ ಮೇವಿನ ಲೆಕ್ಕ

ನಮ್ಮಲ್ಲಿ ಬಿತ್ತನೆಯ ಲೆಕ್ಕ ಹಾಕುವಾಗ ಬರೀ ತೊಗರಿ ದರ ನೋಡುತ್ತೇವೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಹೆಮ್ಮೆಯ ಮಾತೇ. ಆದರೆ ಹೊಲವೆಲ್ಲ ತೊಗರಿಯೇ ಆದ ಮೇಲೆ ಜೋಳ ಹೋಯಿತು, ಜೋಳದ ಜೊತೆ ಕಣಿಕೆಯ (ಜೋಳದ ಒಣ ದಂಟಿನ) ಬಣವಿಯೂ ಹೋಯಿತು. ಏಪ್ರಿಲ್‌ನಲ್ಲಿ ಕಣಿಕೆ ಕೊಳ್ಳಲಾಗದೆ ಎತ್ತನ್ನು ಸಂತೆಗೆ ಹೊಡೆದವರನ್ನು ಪ್ರತಿ ಊರಲ್ಲೂ ಕಾಣಬಹುದು.

ಲೆಕ್ಕ ಕಷ್ಟದ್ದೇನಲ್ಲ. ದನಕ್ಕೆ ಅದರ ತೂಕದ ನೂರಕ್ಕೆ ಎರಡೂವರೆ ಪಾಲು ಒಣ ಮೇವು ದಿನಕ್ಕೆ ಬೇಕು. ಮುನ್ನೂರು ಕೆ.ಜಿ.ಯ ದನಕ್ಕೆ ಏಳೂವರೆ ಕೆ.ಜಿ. ಆಯಿತು. ಆಡಿಗೆ ಸುಮಾರು ಒಂದು ಕೆ.ಜಿ. ಹಿಡಿಯಿರಿ. ಹೊರಗೆ ಹುಲ್ಲು ಸಿಗದ ದಿನಗಳು ಫೆಬ್ರುವರಿಯಿಂದ ಜೂನ್ ಕೊನೆವರೆಗೆ ನೂರೈವತ್ತು. ಮೂರು ದನಕ್ಕೆ 3,375 ಕೆ.ಜಿ., ಐದು ಆಡಿಗೆ 750 ಕೆ.ಜಿ., ಕೂಡಿಸಿದರೆ ನಾಲ್ಕು ಟನ್‌ಗೆ ಸ್ವಲ್ಪ ಮೇಲೆ. ಒಂದು ಸೂಡು (ಕಟ್ಟು) ಕಣಿಕೆಯನ್ನು ತಕ್ಕಡಿಗೆ ಹಾಕಿ ತೂಗಿದರೆ ಎಷ್ಟು ಸೂಡು ಬೇಕು ಎಂಬುದು ಗೊತ್ತಾಗುತ್ತದೆ.

ಒಳ್ಳೆ ಎರೆ ಹೊಲದಲ್ಲಿ ಹಿಂಗಾರಿ ಮಾಲದಂಡಿ ಜೋಳ ಎಕರೆಗೆ ಒಂದೂವರೆಯಿಂದ ಎರಡು ಟನ್ ಕಣಿಕೆ ಕೊಡುತ್ತದೆ. ಅಂದರೆ ಆರು ಎಕರೆಯಲ್ಲಿ ಎರಡು ಎಕರೆ ಜೋಳಕ್ಕೆ ಬಿಡಬೇಕು. ಉಳಿದದ್ದನ್ನು ತೊಗರಿ ಹೊಟ್ಟು ತುಂಬಿಕೊಡುತ್ತದೆ. ‘ಎರಡು ಎಕರೆ ತೊಗರಿ ಲುಕ್ಸಾನಾಯಿತು’ ಎಂದು ಅನ್ನುವವರು ಬೇಸಿಗೆಯಲ್ಲಿ ಕಣಿಕೆ ಕೊಳ್ಳುವ ದರವನ್ನೂ ಅದೇ ಹಾಳೆಯಲ್ಲಿ ಬರೆದು ನೋಡಲಿ. ತೊಗರಿ ಸಾಲಿನ ನಡುವೆ ಹೆಸರು, ಉದ್ದು ಅಥವಾ ಸಜ್ಜೆ ಹಾಕಿದರೆ ಅದರ ಹೊಟ್ಟು, ಸೊಪ್ಪೆ ಮೇವಿಗೆ ಕೂಡುತ್ತದೆ. ಬದುವಿನ ಮೇಲೆ ಸುಬಾಬುಲ್, ಚೊಗಚೆ ನೆಟ್ಟರೆ ಆಡಿಗೆ ಹಸಿರು ಸೊಪ್ಪು ಸಿಗುತ್ತದೆ. ನೀರಿನ ಅನುಕೂಲ ಇದ್ದವರು ಐದು ಗುಂಟೆಯಲ್ಲಿ ನೇಪಿಯರ್ ಹಾಕಿಕೊಳ್ಳಬಹುದು.

ಕಾರಹುಣ್ಣಿಮೆ ಒಳಗೆ ಸೂಜಿ

ಎತ್ತಿನ ಕೋಡಿಗೆ ಬಣ್ಣ ಬಳಿಯುವ ಮುಂಚೆ ಲಸಿಕೆ ಮುಗಿದಿರಬೇಕು. ಮಳೆ ಬಿದ್ದು ನೆಲ ಹಸಿಯಾದಾಗಲೇ ಗಳಲೆ ರೋಗ, ಚಪ್ಪೆ ಬೇನೆ ಏಳುವುದು. ಆದ್ದರಿಂದ ಆ ಎರಡರ ಸೂಜಿ ಮೇ ತಿಂಗಳಲ್ಲೇ ಆಗಬೇಕು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. 2019ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಪುಕ್ಕಟೆ ಹಾಕುತ್ತಾರೆ, ಕಿವಿಗೆ ಓಲೆಯನ್ನೂ ಹಾಕುತ್ತಾರೆ. ಆಡು, ಕುರಿಗೆ ಮಳೆಗಿಂತ ಮುಂಚೆ ಕರುಳುಬೇನೆಯ ಲಸಿಕೆ ಮತ್ತು ಪಿಪಿಆರ್ (ಆಡು-ಕುರಿ ಪ್ಲೇಗ್) ಲಸಿಕೆ ಕೇಳಿ ಹಾಕಿಸಿ. ಯಾದಗಿರಿ ಕಡೆಯ ಕೆಂಗುರಿ ಇರಲಿ, ನಮ್ಮ ಕಡೆಯ ಡೆಕ್ಕನಿ ಇರಲಿ, ಮಳೆಗಾಲದಲ್ಲಿ ಸಣ್ಣ ನೊಣ ಹರಡುವ ನೀಲಿ ನಾಲಿಗೆ ರೋಗ ಎರಡನ್ನೂ ಬಿಡುವುದಿಲ್ಲ. ಸಂಜೆ ಕುರಿದೊಡ್ಡಿಯ ಹತ್ತಿರ ಬೇವಿನ ಸೊಪ್ಪಿನ ಹೊಗೆ ಹಾಕುವ ಹಿರಿಯರ ರೂಢಿಯನ್ನು ಬಿಡಬೇಡಿ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ದೇವಣಿ ಹಸುಗಳ ಮೈಮೇಲೆ ಗಂಟು ಎದ್ದದ್ದನ್ನು ಕಂಡವರಿಗೆ ಲಸಿಕೆಯ ಬೆಲೆ ಹೇಳಬೇಕಾಗಿಲ್ಲ. ದನಕ್ಕೆ ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ, ಪಶು ವಾಹನ ಊರಿಗೇ ಬರುತ್ತದೆ. ಆ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿಡಿ.

ಗಾಯರಾಣಕ್ಕೆ ಆರೆಂಟು ವಾರದ ಬಿಡುವು

ಗಾಯರಾಣ ಎಂದರೆ ಊರ ದನ ಮೇಯುವ ಸಾಮೂಹಿಕ ಹುಲ್ಲುಗಾವಲು. ಅದನ್ನು ಕಾಯುವುದು ಒಬ್ಬರ ಕೆಲಸವಲ್ಲ, ಊರೇ ಕೂತು ಮಾತಾಡಬೇಕು. ಮೊದಲ ಮಳೆಗೆ ಹುಲ್ಲು ಎರಡು ಬೆರಳು ಎದ್ದ ಕೂಡಲೇ ದನ ಬಿಟ್ಟರೆ ಬೇರಿಗೆ ಬಲ ಬರುವುದಿಲ್ಲ, ಬೀಜವೂ ಕಟ್ಟುವುದಿಲ್ಲ. ವರ್ಷ ವರ್ಷಕ್ಕೆ ಹುಲ್ಲು ಹೋಗಿ ಕಾಂಗ್ರೆಸ್ ಕಸ ನಿಲ್ಲುತ್ತದೆ. ಗಾಯರಾಣವನ್ನು ನಾಲ್ಕು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿಗೆ ಮಳೆ ಶುರುವಾದಾಗಿನಿಂದ ಆರೆಂಟು ವಾರ ದನ ಬಿಡಬೇಡಿ. ಅದೇ ಪಾಲಿನಲ್ಲಿ ಅಂಜನ ಹುಲ್ಲು, ಸ್ಟೈಲೊ ಬೀಜವನ್ನು ಮರಳಿನಲ್ಲಿ ಬೆರೆಸಿ ಎರಚಿ. ಉಳಿದ ಮೂರು ಪಾಲಿನಲ್ಲಿ ಸರದಿ ಮೇಲೆ ಮೇಯಿಸಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಕಿತ್ತರಷ್ಟೇ ಪ್ರಯೋಜನ.

ಹೊಂಡಕ್ಕೆ ಮೀನು: ಆಗಸ್ಟ್

2014ರಲ್ಲಿ ಸರಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ತೋಡಿದ ಹೊಂಡಗಳಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲದವು ಬಹಳ. ಇದು ಒಂದು ಎಕರೆಯ ಹತ್ತನೇ ಪಾಲಿಗಿಂತ ಸ್ವಲ್ಪ ಹೆಚ್ಚು. ಇಷ್ಟು ನೀರಿನಲ್ಲಿ ಇನ್ನೂರು ಮೀನು ಚೆನ್ನಾಗಿ ಬೆಳೆಯುತ್ತವೆ. ಐದುನೂರು ಬಿಟ್ಟರೆ ಐದುನೂರೂ ಬೆರಳಿನಷ್ಟೇ ಉಳಿಯುತ್ತವೆ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ.

ಮೊದಲು ಹೊಂಡದ ಸುತ್ತ ತಂತಿ ಬೇಲಿ ಇದೆಯೇ ನೋಡಿ. ಮಕ್ಕಳು, ಕರುಗಳು ಬಿದ್ದು ಸತ್ತ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಬೇಲಿ ಆಗದೆ ಮೀನಿನ ಮಾತೇ ಬೇಡ.

ಹೊಂಡದಲ್ಲಿ ಹಳೆಯ ನೀರಿದ್ದರೆ ಬಲೆ ಹಾಕಿ ಕೊರವ, ಚೇಳಿ ಮೀನಿನಂಥ ಮರಿ ತಿನ್ನುವ ಮೀನುಗಳನ್ನು ತೆಗೆಯಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದೆ, ಯಾರಾದರೂ ಕಡಿಮೆ ದರಕ್ಕೆ ಕೊಡುತ್ತೇವೆಂದರೂ ಒಲ್ಲೆ ಅನ್ನಿ. ಎರೆ ಮಣ್ಣಿನ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುತ್ತದೆ. ಸುಣ್ಣ ಹಾಕಬೇಕೇ ಬೇಡವೇ ಎಂಬುದನ್ನು ಪಿಎಚ್ ಕಾಗದ ಅದ್ದಿ ನೋಡಿ ತೀರ್ಮಾನಿಸಿ. ಆಮ್ಲದ ಕಡೆಗಿದ್ದರೆ ಇಷ್ಟು ಹೊಂಡಕ್ಕೆ ಹತ್ತು ಕೆ.ಜಿ. ಸಾಕು. ಆಮೇಲೆ 80–90 ಕೆ.ಜಿ. ಹಸಿ ಸಗಣಿಯನ್ನು ನೀರಿನಲ್ಲಿ ಕಲಸಿ ಹೊಂಡದ ತುಂಬ ಎರಚಿ. ಹತ್ತು ಹದಿನೈದು ದಿನದಲ್ಲಿ ನೀರು ತಿಳಿಹಸಿರಾಗುತ್ತದೆ. ಆ ಹಸಿರೇ ಮರಿಗಳ ಊಟ. ಎರೆ ಭೂಮಿಯ ಹೊಂಡದಲ್ಲಿ ಮಳೆ ನೀರು ರಾಡಿಯಾಗಿದ್ದರೆ ಹಸಿರು ಹುಟ್ಟುವುದಿಲ್ಲ, ಬೆಳಕು ಒಳಗೆ ಇಳಿಯಬೇಕು. ರಾಡಿ ತಳಕ್ಕೆ ಕೂರುವತನಕ ತಾಳಿಕೊಳ್ಳಿ.

ಮರಿ ತರುವಾಗ ಬೆರಳುದ್ದದವನ್ನೇ ಕೇಳಿ. ಜೀರಿಗೆಯಷ್ಟಿರುವ ಮರಿ ಅಗ್ಗ ನಿಜ, ಆದರೆ ಅವು ಕಪ್ಪೆ, ಹಾವು, ಬೆಳ್ಳಕ್ಕಿಗಳ ಪಾಲಾಗುತ್ತವೆ. ಇನ್ನೂರಕ್ಕೆ 80 ಕಾಟ್ಲಾ, 60 ರೋಹು, 60 ಸಾಮಾನ್ಯ ಗೆಂಡೆ. ಕಾಟ್ಲಾ ಮೇಲೆ ತಿನ್ನುತ್ತದೆ, ರೋಹು ನಡುವೆ, ಗೆಂಡೆ ತಳದಲ್ಲಿ. ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ. ಆಮ್ಲಜನಕ ತುಂಬಿದ ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಡಿ. ಚೀಲದ ನೀರು, ಹೊಂಡದ ನೀರು ಒಂದೇ ತಂಪಿಗೆ ಬಂದ ಮೇಲೆ ಬಾಯಿ ಬಿಚ್ಚಿ ಓರೆ ಮಾಡಿದರೆ ಮರಿಗಳು ತಾವಾಗಿಯೇ ಹೊರಬೀಳುತ್ತವೆ. ಇದನ್ನು ಬೆಳಗಿನ ತಂಪಿನಲ್ಲೋ ಸಂಜೆಯೋ ಮಾಡಿ.

ಮುಂದೆ ವಾರಕ್ಕೊಂದು ಬುಟ್ಟಿ ಸಗಣಿ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಸಮ ಕಲಸಿ, ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಪಾಲು ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಹಾಕಿ. ಹೊಂಡಕ್ಕೆ ಮೊಳಕೈವರೆಗೆ ಕೈ ಇಳಿಸಿ ನೋಡಿ. ಅಂಗೈ ಮಸುಕು ಮಸುಕಾಗಿ ಕಂಡರೆ ಸರಿ. ಮೊಳಕೈ ಮುಳುಗುವ ಮುಂಚೆಯೇ ಅಂಗೈ ಮರೆಯಾದರೆ ಹಸಿರು ಹೆಚ್ಚಾಗಿದೆ, ಸಗಣಿ ನಿಲ್ಲಿಸಿ. ಮೋಡ ಮುಚ್ಚಿದ ದಿನಗಳ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಉಸಿರು ಸಾಲುತ್ತಿಲ್ಲ ಎಂದರ್ಥ. ಅವತ್ತು ಆಹಾರ ಹಾಕಬೇಡಿ. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಧುಮುಕಿಸಿ, ಇಲ್ಲವೇ ಇಬ್ಬರು ನಿಂತು ಬಕೆಟ್‌ನಿಂದ ನೀರು ಚಿಮ್ಮಿಸಿ.

ಒಂದು ಜಗ್ಗಾಟ ಇದ್ದೇ ಇದೆ. ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟರೆ ಹೂವಾಡುವ ತೊಗರಿಗೆ ಇದೇ ನೀರು ಬೇಕು. ಹೊಂಡ ತೋಡಿದ್ದೇ ಅದಕ್ಕಾಗಿ, ಆದ್ದರಿಂದ ತೊಗರಿಗೆ ಮೊದಲು ಕೊಡಿ. ಆದರೆ ಹೊಂಡದ ನಡುವೆ ಒಂದು ಗೂಟ ನೆಟ್ಟು ಒಂದು ಮೀಟರ್ ಆಳಕ್ಕೆ ಕೆಂಪು ಬಣ್ಣ ಬಳಿದಿಡಿ. ನೀರು ಆ ಗೆರೆ ಮುಟ್ಟಿದರೆ ಪಂಪ್ ಬಂದ್.

ಕಾಯಿಕೊರಕ: ಎಣ್ಣಿಗೆ ಮುಂಚಿನ ಐದು ಕೆಲಸ

ತೊಗರಿಯ ಕಾಯಿ ಕೊರೆದು ತಿನ್ನುವ ಈ ಹುಳುವಿನ ಹತೋಟಿ ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟುವುದರಿಂದಲೇ ಶುರುವಾಗುತ್ತದೆ. ಕುಡಿ ಚಿವುಟಿದರೆ ಗಿಡ ಮೇಲೆ ಹೋಗದೆ ಪಕ್ಕಕ್ಕೆ ಕವಲೊಡೆದು ಹೂ ಹೆಚ್ಚಾಗುತ್ತದೆ. ಆ ಹೊತ್ತಿಗೆ ಏನೂ ಹೊಡೆದಿರದಿದ್ದರೆ ಚಿವುಟಿದ ಕುಡಿಯನ್ನು ಉಡಿಯಲ್ಲಿ ತುಂಬಿ ತಂದು ಆಡಿನ ಮುಂದೆ ಹಾಕಿ. ಬಿದರಿ ಆಡಾಗಲಿ, ಉಸ್ಮಾನಾಬಾದಿಯಾಗಲಿ, ಬೇರೆ ಸೊಪ್ಪು ಬಿಟ್ಟು ಇದಕ್ಕೇ ಬರುತ್ತವೆ.

ಮೊಗ್ಗು ಕಾಣುತ್ತಲೇ ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆಯುವ ಬಲೆ) ಕಟ್ಟಿ. ಬಲೆ ಹುಳು ಕೊಲ್ಲಲಿಕ್ಕಲ್ಲ, ಪತಂಗ ಬಂದಿದೆಯೇ ಇಲ್ಲವೇ ಹೇಳಲಿಕ್ಕೆ. ದಿನಾ ಬೆಳಿಗ್ಗೆ ಎಣಿಸಿ, ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೆಯಿರಿ. ಎಣಿಕೆ ಏರುತ್ತಾ ಹೋದರೆ ಮೂರು ನಾಲ್ಕು ದಿನದಲ್ಲಿ ಮೊಟ್ಟೆ ಒಡೆಯುತ್ತದೆ ಎಂದು ತಿಳಿಯಿರಿ. ಜೊತೆಗೆ ಹೊಲದ ಅಲ್ಲಲ್ಲಿ ಇಪ್ಪತ್ತು ಗಿಡ ನೋಡಿ. ಗಿಡಕ್ಕೆ ಸರಾಸರಿ ಒಂದು ಮರಿಹುಳು ಸಿಗುವತನಕ ಅಂಗಡಿಗೆ ಹೋಗುವ ಅವಸರ ಬೇಡ.

ಹಕ್ಕಿಗಳನ್ನು ಕೆಲಸಕ್ಕೆ ಹಚ್ಚಿ. ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರೆ ಕಾಜಾಣ, ಗೊರವಂಕ ಬಂದು ಕೂರುತ್ತವೆ. ಚುರುಮುರಿಗೆ ಅರಿಶಿನ ಹಚ್ಚಿ ಸಾಲಿನಲ್ಲಿ ಚೆಲ್ಲುವುದನ್ನು ಕಂಡು ಮೊದಲು ನನಗೂ ನಂಬಿಕೆ ಬರಲಿಲ್ಲ. ಆದರೆ ಆ ಹಳದಿ ಕಂಡು ಇಳಿದ ಹಕ್ಕಿ ಚುರುಮುರಿಯ ಜೊತೆ ಹುಳವನ್ನೂ ಹೆಕ್ಕುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಗಿಡ ಜಾಡಿಸುವುದು. ಸಾಲಿನ ನಡುವೆ ಹಳೆಯ ಸೀರೆ ಹಾಸಿ, ಗಿಡವನ್ನು ಬಗ್ಗಿಸಿ ಮೆಲ್ಲಗೆ ಅಲುಗಾಡಿಸಿದರೆ ದೊಡ್ಡ ಹುಳು ಪಟಪಟ ಉದುರುತ್ತವೆ. ದೊಡ್ಡ ಹುಳುವಿಗೆ ಯಾವ ಎಣ್ಣಿಯೂ ಬೇಗ ತಾಗುವುದಿಲ್ಲ, ಆದ್ದರಿಂದ ಕೈಯಿಂದ ಆರಿಸಿದ್ದೇ ಲಾಭ. ಅವ್ವ ಆ ಹುಳವನ್ನು ಡಬ್ಬಿಯಲ್ಲಿ ತಂದು ಕೋಳಿಗೆ ಹಾಕುತ್ತಿದ್ದಳು. ಆಳಿನ ಖರ್ಚು ಇದೆ, ನಿಜ. ಮನೆಮಂದಿಯೇ ಬೆಳಗಿನ ಎರಡು ತಾಸು ನಿಂತರೆ ದಿನಕ್ಕೆ ಅರ್ಧ ಎಕರೆಯಾದರೂ ಸಾಗುತ್ತದೆ.

ಇನ್ನು ಬೇವು. ಐದು ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, ನೂರು ಲೀಟರ್‌ಗೆ ಏರಿಸಿ, ಸ್ವಲ್ಪ ಸಾಬೂನು ಪುಡಿ ಕೂಡಿಸಿ ಹೊಡೆಯಿರಿ. ಮೊಟ್ಟೆ ಇಡುವ ಹೊತ್ತಿಗೆ ಹೊಡೆದರೆ ಗುಣ ಹೆಚ್ಚು. ಹುಳು ಸಣ್ಣದಿರುವಾಗ ಎನ್‌ಪಿವಿ ನಂಜಾಣು ದ್ರಾವಣ ಎಕರೆಗೆ 100 ಎಲ್‌ಇ (ಈ ನಂಜಾಣುವಿನ ಅಳತೆ), ಅದಕ್ಕೆ ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಕೂಡಿಸಿ ಸಂಜೆ ಹೊಡೆಯಬೇಕು, ಬಿಸಿಲಿಗೆ ಅದು ಸತ್ವ ಕಳೆದುಕೊಳ್ಳುತ್ತದೆ. ಈ ನಂಜಾಣು ಕಾಯಿಕೊರಕ ಒಂದನ್ನೇ ಹಿಡಿಯುತ್ತದೆ. ದನಕ್ಕೆ, ಮೀನಿಗೆ, ಜೇನಿಗೆ ಏನೂ ಮಾಡುವುದಿಲ್ಲ. ಹೊಂಡದ ಪಕ್ಕದ ಸಾಲುಗಳಿಗೆ ನಾನು ಈಗ ಇದನ್ನೇ ಹೊಡೆಯುತ್ತೇನೆ.

ಎಣ್ಣಿ ಹೊಡೆಯಲೇಬೇಕಾದಾಗ

ಯಾವುದನ್ನು, ಎಷ್ಟು ಎಂಬುದನ್ನು ಅಂಗಡಿಯಲ್ಲಿ ಕೇಳಬೇಡಿ. ಮೂರೂ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಹುಳು ತಿಂದ ಒಂದು ಟೊಂಗೆ ಹಿಡಿದು ಅಲ್ಲಿಗೆ ಹೋಗಿ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ನೋಡಿ: ಕೆಂಪು ಎಲ್ಲಕ್ಕಿಂತ ಘಾತುಕ, ಆಮೇಲೆ ಹಳದಿ, ನೀಲಿ, ಹಸಿರು. ಆ ಬಣ್ಣ ಮನುಷ್ಯನಿಗೆ ಎಷ್ಟು ಅಪಾಯ ಎಂದು ಹೇಳುತ್ತದೆಯೇ ಹೊರತು ಮೀನಿಗೆ ಎಷ್ಟು ಎಂದಲ್ಲ. ಸೈಪರ್‌ಮೆಥ್ರಿನ್, ಲ್ಯಾಮ್ಡಾ ಸೈಹಲೋಥ್ರಿನ್‌ನಂಥವು ಸ್ವಲ್ಪವೇ ಹೊಂಡಕ್ಕೆ ಬಿದ್ದರೂ ಮೀನಿಗೆ ಮೃತ್ಯು. ಎಮಾಮೆಕ್ಟಿನ್, ಕ್ಲೋರೋಪೈರಿಫಾಸ್ ಕೂಡ ಮೀನಿಗೆ ವಿಷವೇ.

ಅದಕ್ಕಾಗಿ ನಮ್ಮ ಹೊಲದಲ್ಲಿ ಈಗ ಇರುವ ಕಟ್ಟಳೆ: ಹೊಂಡದಿಂದ ನೀರನ್ನು ಬೇರೆ ಕೊಡದಿಂದ ಎತ್ತಬೇಕು, ಎಣ್ಣಿ ಮುಟ್ಟಿದ ಯಾವ ಪಾತ್ರೆಯೂ ಹೊಂಡದ ಬೇಲಿ ದಾಟಬಾರದು. ಎಣ್ಣಿ ಕಲಸುವ ಜಾಗ ಹೊಂಡದಿಂದ ಕೆಳಗಿನ ಇಳಿಜಾರಿನಲ್ಲಿ. ಗಾಳಿ ಹೊಂಡದ ಕಡೆ ಬೀಸುತ್ತಿದ್ದರೆ ಅವತ್ತು ಹೊಡೆಯುವುದಿಲ್ಲ. ಹೊಂಡದ ಸುತ್ತಲಿನ ಹತ್ತು ಹೆಜ್ಜೆ ತೊಗರಿಗೆ ಎಣ್ಣಿಯೇ ಇಲ್ಲ. ಪಂಪ್ ತೊಳೆದ ನೀರು ಹೊಡೆದ ಹೊಲಕ್ಕೇ ಹೋಗಬೇಕು. ಖಾಲಿ ಡಬ್ಬಿಗೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ಚಾಕುವಿನಿಂದ ತೂತು ಹಾಕುತ್ತೇವೆ. ತೂತು ಹಾಕದಿದ್ದರೆ ನಾಳೆ ಯಾರಾದರೂ ಅದರಲ್ಲೇ ದನಕ್ಕೆ ನೀರು ಇಡುತ್ತಾರೆ.

ಹೊಡೆದ ಹೊಲದ ಬದುವಿನ ಹುಲ್ಲನ್ನು ದನಕ್ಕೆ ಕೊಯ್ಯಬೇಡಿ. ಹೊಡೆದ ದಿನಕ್ಕೂ ರಾಶಿಯ ದಿನಕ್ಕೂ ಎಷ್ಟು ಅಂತರ ಬೇಕು ಎಂಬುದು ಡಬ್ಬಿಯ ಮೇಲೇ ಇರುತ್ತದೆ. ಆ ಅಂತರ ಬೇಳೆ ತಿನ್ನುವವರಿಗೆ ಎಷ್ಟು ಮುಖ್ಯವೋ ಹೊಟ್ಟು ತಿನ್ನುವ ಆಡಿಗೂ ಅಷ್ಟೇ ಮುಖ್ಯ.

ಉಣ್ಣಿಗೆ ಹಚ್ಚಿದ ದಿನ ದನಕ್ಕೆ ಹೊಂಡ ಬೇಡ

ಇದನ್ನು ಬಹಳ ಮಂದಿ ಲಕ್ಷ್ಯಕ್ಕೆ ತಂದುಕೊಂಡಿಲ್ಲ. ದನದ ಉಣ್ಣಿಗೆ ಹಚ್ಚುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ತೊಗರಿಗೆ ಹೊಡೆಯುವ ಎಣ್ಣಿಯ ಕುಲದವೇ. ಹಚ್ಚಿದ ಮೇಲೆ ದನವನ್ನು ಹೊಂಡದಲ್ಲಿ ಮೈ ತೊಳೆದರೆ ಮೀನು ಅಷ್ಟಕ್ಕೇ ಸಾಯುತ್ತವೆ. ಹೊಂಡದ ಬೇಲಿ ಹೊರಗೆ ಒಂದು ಬಾನಿ ಕಟ್ಟಿಸಿ, ದನಕ್ಕೆ ನೀರು ಅಲ್ಲಿಯೇ. ಉಣ್ಣಿ ಮೊಟ್ಟೆ ಇಡುವುದು ದನದ ಮೈಮೇಲಲ್ಲ, ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ. ಬಿರುಕನ್ನು ಮೆತ್ತಿ ಸುಣ್ಣ ಬಳಿಯದೆ ಬರೀ ದನಕ್ಕೆ ಹಚ್ಚುತ್ತಾ ಹೋದರೆ ಉಣ್ಣಿ ಮುಗಿಯುವುದಿಲ್ಲ.

ಕಣದಲ್ಲಿ: ಹೊಟ್ಟು, ಕಣಿಕೆ, ಯೂರಿಯಾ

ರಾಶಿ ಯಂತ್ರದ ಹಿಂದೆ ಬೀಳುವ ತೊಗರಿ ಹೊಟ್ಟನ್ನು ಗಾಳಿಗೆ ಬಿಡಬೇಡಿ, ತಾಡಪತ್ರಿ ಹಾಸಿ ಹಿಡಿಯಿರಿ. ಜೋಳದ ಕಣಿಕೆಗಿಂತ ಅದರಲ್ಲಿ ಸತ್ವ ಹೆಚ್ಚು. ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿಯುವುದು ಕಡಿಮೆ. ಬಣವಿಯನ್ನು ಕಲ್ಲಿನ ಕಟ್ಟೆ ಮೇಲೆ ಒಟ್ಟಿ, ಗೆದ್ದಲು ಹತ್ತಬಾರದು.

ಹಳೆಯ, ಒರಟು ಕಣಿಕೆಗೆ ಯೂರಿಯಾ ಉಪಚಾರ ಮಾಡಬಹುದು. ಕತ್ತರಿಸಿದ 100 ಕೆ.ಜಿ. ಕಣಿಕೆಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸುತ್ತಾ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಮುಚ್ಚಿ 21 ದಿನ ಬಿಡಿ. ತೆಗೆದ ಮೇವನ್ನು ಒಂದು ತಾಸು ಹರವಿ ಘಾಟು ಹೋದ ಮೇಲೆ, ಮೊದಲ ವಾರ ಸ್ವಲ್ಪ ಸ್ವಲ್ಪವಾಗಿ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಕರಗಿಸಿದ ಬಕೆಟ್ ಹತ್ತಿರ ದನ ಬಿಡಬೇಡಿ, ಆ ನೀರನ್ನು ಕುಡಿದ ದನ ಬದುಕುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಸ್ವಲ್ಪ ಉಪ್ಪು ಮರೆಯಬೇಡಿ.

ಜೋಳ ಕೊಯ್ದ ಮೇಲೆ ಬುಡದಲ್ಲಿ ಚಿಗುರುವ ಕೂಳೆ ಬಹಳ ಅಪಾಯದ್ದು. ಅದರಲ್ಲೂ ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ಸೈನೈಡ್ ಆಗುವ ವಿಷವಿರುತ್ತದೆ. ಹಸಿದ ದನ ನಾಲ್ಕು ಬಾಯಿ ತಿಂದು ಅರ್ಧ ತಾಸಿನಲ್ಲಿ ಬಿದ್ದದ್ದನ್ನು ಹಿರಿಯರು ‘ಕೂಳೆ ಹತ್ತಿತು’ ಎಂದು ಹೇಳುತ್ತಾರೆ. ಹೂ ಬಿಡುವ ಮುಂಚಿನ ಜೋಳವನ್ನು ಹಸಿಯಾಗಿ ಹಾಕಬೇಡಿ. ದನ ತಿಂದು ಬಾಯಲ್ಲಿ ನೊರೆ ಬಂದು ಏದುಸಿರು ಬಿಟ್ಟರೆ ಮನೆಮದ್ದಿಗೆ ಕೂರದೆ ವೈದ್ಯರನ್ನು ಕರೆಯಿರಿ, ತಕ್ಷಣ ಕೊಟ್ಟರೆ ಉಳಿಸುವ ಚುಚ್ಚುಮದ್ದಿದೆ.

ನೀರು ಇಳಿದಾಗ

ಮಾರ್ಚ್, ಏಪ್ರಿಲ್‌ನಲ್ಲಿ ನೀರು ಕೆಂಪು ಗೆರೆಗೆ ಬರುತ್ತದೆ. ಇನ್ನೂ ದೊಡ್ಡದಾಗಲಿ ಎಂದು ಕಾಯಬೇಡಿ, ಕಾದ ನೀರಿನಲ್ಲಿ ಒಂದು ರಾತ್ರಿ ಸಾಕು ಎಲ್ಲ ಹೋಗಲಿಕ್ಕೆ. ಇನ್ನೂರರಲ್ಲಿ ನೂರೈವತ್ತು ಉಳಿದು ತಲಾ ಅರ್ಧ ಕೆ.ಜಿ. ಬಂದರೂ 75 ಕೆ.ಜಿ. ಮೀನು. ಒಂದೇ ದಿನ ಹಿಡಿದರೆ ದಲಾಲಿ ಹೇಳಿದ ದರಕ್ಕೆ ಕೊಡಬೇಕಾಗುತ್ತದೆ. ಸಂತೆಯ ಹಿಂದಿನ ಸಂಜೆ ಹತ್ತು ಹದಿನೈದು ಕೆ.ಜಿ. ಹಿಡಿದು, ಊರಲ್ಲೇ ತಕ್ಕಡಿ ಹಾಕಿ. ಕಾಟ್ಲಾ ಮೊದಲು ಹಿಡಿಯಿರಿ, ನೀರು ಕಡಿಮೆಯಾದಾಗ ಮೊದಲು ಉಸಿರು ಕಟ್ಟುವುದು ಅದಕ್ಕೆ. ಗೆಂಡೆ ಕೊನೆವರೆಗೂ ತಾಳುತ್ತದೆ.

ಹೊಂಡ ಪೂರ್ತಿ ಒಣಗಿ ತಳ ಬಿರುಕು ಬಿಟ್ಟ ಮೇಲೆ ಹೂಳೆತ್ತಿ. ಎಂಟು ತಿಂಗಳ ಸಗಣಿ, ಮೀನಿನ ಹಿಕ್ಕೆ, ಕೊಚ್ಚಿ ಬಂದ ಮೇಲ್ಮಣ್ಣು ಎಲ್ಲ ಅದರಲ್ಲಿದೆ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಸಲಿಕೆ ಹಾಕದೆ ಕೈಯಿಂದ ಬಳಿಯಿರಿ. ಹೋದ ವರ್ಷ ತೊಗರಿ ಸಿಡಿ (ಸೊರಗು) ರೋಗದಿಂದ ಒಣಗಿದ ಜಾಗವನ್ನು ಗುರುತು ಮಾಡಿಟ್ಟಿದ್ದರೆ ಈ ಹೂಳನ್ನು ಅಲ್ಲಿ ಹರವಿ, ಈ ಸಲ ಅಲ್ಲಿ ತೊಗರಿ ಬಿಟ್ಟು ಜೋಳ ಬಿತ್ತಿ. ನಮ್ಮ ಹೊಲದಲ್ಲಿ ಮೇಲಿನ ಮೂಲೆಯ ಎರಡು ಎಕರೆ ಹಾಗೆಯೇ ಜೋಳಕ್ಕೆ ತಿರುಗಿತು. ಕಾಕಾ ಈಗ ಅಲ್ಲಿಂದಲೇ ಸೂಡು ಎಣಿಸಲು ಶುರು ಮಾಡುತ್ತಾರೆ.